ಒಂದೇ ಸಲ ಹೊಡೆದ ಬೆಲ್ಲು

ಹೊಳೆ ಬಾಗಿ ಹರಿಯುವ ಕಡೆ ಒಂದು ಆಶ್ರಮವಿತ್ತು. ಆಶ್ರಮವೆಂದರೆ ದೊಡ್ಡದೇನಲ್ಲ. ಒಂದು ಅಡುಗೆಮನೆ, ಅದರ ಮುಂದೊಂದು ಜಗಲಿ, ನಾಲ್ಕು ಕೋಣೆ, ಹೊಳೆಗೆ ಇಳಿಯುವ ಹನ್ನೆರಡು ಮೆಟ್ಟಿಲು. ಮೆಟ್ಟಿಲ ಪಕ್ಕದ ಗುಡಿಸಲಲ್ಲಿ ಆರಾಧ್ಯ ಮೇಷ್ಟ್ರು ಇದ್ದರು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ, ಆಮೇಲೆ ಇಲ್ಲಿಗೆ ಬಂದು ಕೂತವರು. ಯಾರಾದರೂ ದೇವರ ವಿಷಯ ಕೇಳಲು ಬಂದರೆ ಅವರು ಕೆಟ್ಟುಹೋದ ಪಂಪಿನ ವಿಷಯ ಮಾತಾಡುತ್ತಿದ್ದರು. ಪಂಪು ಹೊತ್ತು ತಂದವರ ಜೊತೆ ಕೆಲವೊಮ್ಮೆ ದೇವರ ವಿಷಯ ಮಾತಾಡುತ್ತಿದ್ದರು. ಯಾರಿಗೆ ಯಾವುದು ಎಂಬುದನ್ನು ಅವರೇ ಬಲ್ಲರು.

ಮೇ ತಿಂಗಳ ಕೊನೆಯ ಒಂದು ಮಂಗಳವಾರ ಬೆಳಿಗ್ಗೆ ದಾಕ್ಷಾಯಿಣಿ ಅಲ್ಲಿಗೆ ಬಂದಳು. ಹೈಸ್ಕೂಲಿನಲ್ಲಿ ಅವರ ಕೈಯಲ್ಲೇ ಕಲಿತವಳು. ಈಗ ಅವಳೂ ವಿಜ್ಞಾನದ ಟೀಚರು. ಹನ್ನೊಂದು ವರ್ಷದ ಸರ್ವಿಸು. ಹೆಗಲ ಚೀಲದಲ್ಲಿ ಎರಡು ಸೀರೆ ಮತ್ತು ಅಂಟಿಸಿದ ಒಂದು ಲಕೋಟೆ.

ಮೇಷ್ಟ್ರು ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದರು. ಕತ್ತೆತ್ತಿ ನೋಡಿ, "ದಾಕ್ಷಾಯಿಣಿ. ಎರಡನೇ ಬೆಂಚು, ಕಿಟಕಿ ಪಕ್ಕ," ಎಂದರು.

ಅವಳು ಕಾಲಿಗೆ ಬಿದ್ದಳು. ಏಳುವಾಗ ಕಣ್ಣು ಒದ್ದೆಯಾಗಿತ್ತು.

"ಕೂತ್ಕೋ. ಕಾಳು ಹಿಸುಕು. ಹಿಸುಕ್ತಾ ಹೇಳು."

ಅವಳು ಕಾಳು ಹಿಸುಕುತ್ತಾ ಹೇಳಿದಳು.

ಜನವರಿಯಲ್ಲಿ ಹತ್ತನೇ ಕ್ಲಾಸಿಗೆ ವಿದ್ಯುತ್ಕಾಂತದ ಪಾಠ ನಡೆಯುತ್ತಿತ್ತು. ಮಾದೇವಿ ಎಂಬ ಹುಡುಗಿ ಎದ್ದು ನಿಂತು ಏನೋ ಕೇಳಿದಳು. ದಾಕ್ಷಾಯಿಣಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಅದೇ ಬೆಳಿಗ್ಗೆ ಆ ಹುಡುಗಿ, ಮನೆಯಲ್ಲಿ ಲೈಟಿಲ್ಲ, ಹೋಂವರ್ಕ್ ಮಾಡಿಲ್ಲ ಎಂದಿದ್ದಳು. ಅದು ನಾಲಗೆಗೆ ಸಿಕ್ಕಿತು.

"ನಾನು ಹೇಳ್ದೆ, ನಿಮ್ಮನೇಲಿ ಕರೆಂಟೇ ಇಲ್ಲ, ಬೆಲ್ಲು ತಗೊಂಡು ಏನ್ಮಾಡ್ತೀಯ, ಕೂತ್ಕೋ ಅಂತ. ಇಡೀ ಕ್ಲಾಸು ನಕ್ತು, ಮೇಷ್ಟ್ರೇ."

"ನೀನು?"

"ನಾನೂ ನಕ್ಕೆ."

ಮೇಷ್ಟ್ರು ಒಂದು ಹುಳುಕು ಕಾಳನ್ನು ಆರಿಸಿ ಎಸೆದರು.

"ಮಾರನೇ ದಿನದಿಂದ ಅವಳು ಬರಲಿಲ್ಲ. ಪರೀಕ್ಷೇನೂ ಬರೀಲಿಲ್ಲ. ಅವರವ್ವನ ಜೊತೆ ರೇಷ್ಮೆ ನೂಲು ತೆಗೆಯೋಕೆ ಹೋಗ್ತಾಳಂತೆ. ಹೆಡ್‌ಮಾಸ್ಟರು ಹೇಳ್ತಾರೆ, ಅವಳು ಹೇಗೂ ಬಿಡೋಳೇ ಆಗಿದ್ಲು, ನೀವ್ಯಾಕೆ ತಲೆಗೆ ಹಚ್ಕೋತೀರಿ ಅಂತ. ಇರಬಹುದು. ಇಲ್ಲದೆಯೂ ಇರಬಹುದು. ಯಾವುದು ನಿಜ ಅಂತ ನನಗೆ ತಿಳೀತಿಲ್ಲ. ಫೆಬ್ರವರಿಯಿಂದ ರಜೆ ಹಾಕಿದ್ದೀನಿ. ಬೋರ್ಡಿನ ಮುಂದೆ ನಿಂತ್ರೆ ಆ ನಗು ಕೇಳಿಸುತ್ತೆ."

"ಚೀಲದಲ್ಲಿ ಏನು?"

ಲಕೋಟೆಯ ತುದಿ ಚೀಲದಿಂದ ಇಣುಕುತ್ತಿತ್ತು.

"ರಾಜೀನಾಮೆ. ಸೋಮವಾರ ಸ್ಕೂಲು ಶುರು. ಅಷ್ಟರೊಳಗೆ ಅಂಚೆಗೆ ಹಾಕ್ಬೇಕು. ನಿಮ್ಮನ್ನ ಒಂದ್ಸಲ ಕೇಳಿ ಹಾಕೋಣ ಅಂತ ಬಂದೆ. ಹಾಕ್ಲಾ ಬೇಡ್ವಾ?"

ಮೇಷ್ಟ್ರು ಇನ್ನೊಂದು ಕಾಳು ಹಿಸುಕಿದರು.

"ಆ ಹುಡುಗಿ ಕೇಳಿದ್ದೇನು?"

ದಾಕ್ಷಾಯಿಣಿ ನೆನಪಿಸಿಕೊಳ್ಳಲು ಹೋದಳು.

ಹುಡುಗಿಯ ಎಣ್ಣೆ ಹಚ್ಚಿದ ಜಡೆ ನೆನಪಿತ್ತು. ಒಂದು ಜಡೆಗೆ ಕೆಂಪು ಟೇಪು, ಇನ್ನೊಂದಕ್ಕೆ ಬಿಳಿ. ನಗು ಎದ್ದಾಗ ಅವಳು ಬೆಂಚಿನ ಅಂಚು ಹಿಡಿದುಕೊಂಡದ್ದು ನೆನಪಿತ್ತು. ತಾನು ಆಡಿದ ಒಂದೊಂದು ಮಾತೂ ನೆನಪಿತ್ತು. ಹುಡುಗಿ ಕೇಳಿದ್ದು ಮಾತ್ರ ಎಲ್ಲಿ ಹುಡುಕಿದರೂ ಇರಲಿಲ್ಲ.

"ನೆನಪಿಲ್ಲ ಮೇಷ್ಟ್ರೇ."

"ನಾಲ್ಕು ತಿಂಗಳಾದ್ರೂ ಆ ನಗು ಕೇಳಿಸುತ್ತೆ ಅಂದೆ."

"ಹೌದು. ಆದ್ರೆ ಪ್ರಶ್ನೆ… ಅದು ಮುಖ್ಯ ಅಲ್ವಲ್ಲ ಮೇಷ್ಟ್ರೇ. ನಾನು ಮಾಡಿದ್ದು ಮುಖ್ಯ."

"ಅವಳಿಗೆ ಪ್ರಶ್ನೆ ಮುಖ್ಯ ಆಗಿತ್ತೇನೋ. ಇಲ್ದಿದ್ರೆ ಎದ್ದು ನಿಲ್ತಿರಲಿಲ್ಲ." ಅವರು ಮೊರವನ್ನು ಪಕ್ಕಕ್ಕೆ ಸರಿಸಿದರು. "ಬೆಲ್ಲು ಅಂದ್ಯಲ್ಲ. ವಿದ್ಯುತ್ ಗಂಟೆಯ ಪಾಠವೋ?"

"ಹೌದು."

"ಹೇಗೆ ಕೆಲಸ ಮಾಡುತ್ತೆ, ಹೇಳು."

ಅದು ಅವಳಿಗೆ ನೀರು ಕುಡಿದಷ್ಟು ಸುಲಭ. "ಗುಂಡಿ ಒತ್ತಿದಾಗ ಸುರುಳಿಯಲ್ಲಿ ವಿದ್ಯುತ್ ಹರಿಯುತ್ತದೆ. ಮೆದು ಕಬ್ಬಿಣದ ತಿರುಳು ಕಾಂತವಾಗುತ್ತದೆ. ಅದು ಕಬ್ಬಿಣದ ಪಟ್ಟಿಯನ್ನು ಸೆಳೆಯುತ್ತದೆ. ಪಟ್ಟಿಯ ತುದಿಯ ಸುತ್ತಿಗೆ ಬಟ್ಟಲಿಗೆ ಹೊಡೆಯುತ್ತದೆ. ಪಟ್ಟಿ ಸರಿದಾಗ ತಿರುಪಿನ ಸಂಪರ್ಕ ತಪ್ಪಿ ವಿದ್ಯುತ್ ನಿಲ್ಲುತ್ತದೆ. ಸ್ಪ್ರಿಂಗು ಪಟ್ಟಿಯನ್ನು ಹಿಂದಕ್ಕೆಳೆಯುತ್ತದೆ. ಸಂಪರ್ಕ ಮತ್ತೆ ಕೂಡುತ್ತದೆ. ಹೀಗೆ ಗಂಟೆ ಬಾರಿಸುತ್ತಲೇ ಇರುತ್ತದೆ."

"ಚೆನ್ನಾಗಿದೆ. ನಾನು ಬರೆಸಿದ್ದು ಒಂದು ಅಕ್ಷರವೂ ಬಿಟ್ಟಿಲ್ಲ."

ಅವಳಿಗೆ ಅದು ಹೊಗಳಿಕೆಯೋ ತೆಗಳಿಕೆಯೋ ತಿಳಿಯಲಿಲ್ಲ.

"ಇಲ್ಲಿ ಅಡುಗೆ ಮಾಡೋ ಚೆಲುವಮ್ಮ ದಿನಾ ಮಧ್ಯಾಹ್ನ ಅಡುಗೆಮನೆಯಿಂದ ನನ್ನ ಗುಡಿಸಲವರೆಗೆ ನಡ್ಕೊಂಡು ಬಂದು ಊಟಕ್ಕೆ ಕರೀತಾಳೆ. ಅವಳಿಗೆ ಮಂಡಿ ನೋವು. ಒಂದು ಬೆಲ್ಲು ಮಾಡು. ಅದು ಹೊಡೆದ ದಿನ ಈ ಕಾಗದ ಅಂಚೆಗೆ ಹಾಕುವಂತೆ." ಅವರು ಲಕೋಟೆಯನ್ನು ಎಳೆದು ತಮ್ಮ ಜುಬ್ಬದ ಜೇಬಿಗೆ ಹಾಕಿಕೊಂಡರು.

"ಅಂಗಡೀಲಿ ಸಿಗುತ್ತಲ್ಲ ಮೇಷ್ಟ್ರೇ, ತಂದುಬಿಡ್ತೀನಿ."

"ಅಂಗಡೀದು ಬೇಡ."

"ಇದಕ್ಕೂ ನನ್ನ ರಾಜೀನಾಮೆಗೂ ಏನು ಸಂಬಂಧ?"

"ನನಗೇನು ಗೊತ್ತು?" ಎಂದು ಮೇಷ್ಟ್ರು ಹೊಳೆ ಕಡೆ ಇಳಿದು ಹೋದರು.

* * *

ಗುಡಿಸಲಲ್ಲಿ ಒಂದು ಹಳೆಯ ಟ್ರಂಕು ಇತ್ತು. ಅದರೊಳಗೆ ಸುಟ್ಟುಹೋದ ಮೋಟಾರುಗಳಿಂದ ಬಿಚ್ಚಿದ ತಾಮ್ರದ ತಂತಿ, ಸೈಕಲ್ ಬೆಲ್ಲಿನ ಬಟ್ಟಲು, ಮುರಿದ ಗರಗಸದ ಬ್ಲೇಡು, ಬಾಗಿಲ ಕೀಲು, ಮೊಳೆ, ತಿರುಪು. ಬೋಲ್ಟುಗಳು ಎರಡೇ ಇದ್ದವು. ಒಂದು ಹಳೇ ಗೇಟಿನದು. ತುಕ್ಕು ಹಿಡಿದು, ಒಂದು ಕಡೆ ಬಾಗಿತ್ತು. ಇನ್ನೊಂದು ಟ್ರ್ಯಾಕ್ಟರಿನದು. ಬೆಳ್ಳಿಯ ಹಾಗೆ ಮಿನುಗುತ್ತಿತ್ತು.

ದಾಕ್ಷಾಯಿಣಿ ತಿರುಳಿಗೆಂದು ಮಿನುಗುವುದನ್ನು ಎತ್ತಿಕೊಂಡಳು.

ಮೇಷ್ಟ್ರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಇದೇ ಯಾಕೆ?"

"ಇದು ಗಟ್ಟಿ ಇದೆ ಮೇಷ್ಟ್ರೇ."

"ಹೂಂ. ಗಟ್ಟಿ ಇದೆ."

ಅವರು ಬಾಗಿಲಿಂದ ಸರಿದು ಹೋದರು.

ಬೋಲ್ಟಿಗೆ ಕಾಗದ ಸುತ್ತಿ, ಅದರ ಮೇಲೆ ತಂತಿ ಸುತ್ತಲು ಕೂತಳು. ನಾನೂರು ಸುತ್ತು ಬೇಕು. ಎಂಬತ್ತಕ್ಕೆ ಬಂದಾಗ ಬಿಳಿ ಟೇಪಿನ ಜಡೆ ನೆನಪಾಗಿ ಲೆಕ್ಕ ತಪ್ಪಿತು. ಬಿಚ್ಚಿ ಮತ್ತೆ ಶುರು ಮಾಡಿದಳು. ಇನ್ನೂರಕ್ಕೆ ಬಂದಾಗ ತನ್ನದೇ ನಗು ಕೇಳಿಸಿತು. ಮತ್ತೆ ತಪ್ಪಿತು.

ಜಗಲಿಯಲ್ಲಿ ಸೊಪ್ಪು ಸೋಸುತ್ತಿದ್ದ ಚೆಲುವಮ್ಮ ನೋಡಿ ನೋಡಿ ಸಾಕಾಗಿ ಕೇಳಿದಳು. "ಅಲ್ಲ ಟೀಚರಮ್ಮ, ಸುತ್ತೋದ್ಯಾಕೆ, ಬಿಚ್ಚೋದ್ಯಾಕೆ? ಇದೂ ನಮ್ ಬುದ್ಧಿಯೋರು ಹೇಳ್ಕೊಟ್ಟ ತಪಸ್ಸಾ?"

"ಲೆಕ್ಕ ತಪ್ಪುತ್ತೆ ಚೆಲುವಮ್ಮ."

"ತಪ್ಪಿದ್ರೆ ತಪ್ಲಿ. ನಾನು ಸಾರಿಗೆ ಉಪ್ಪು ಎಣಿಸಿ ಹಾಕ್ತೀನಾ?"

ದಾಕ್ಷಾಯಿಣಿಗೆ ನಗು ಬಂತು. ಬಹಳ ದಿನಕ್ಕೆ ಬಂದ ನಗು. ಬಂದದ್ದೇ ತಪ್ಪೆಂಬಂತೆ ಅದನ್ನು ನುಂಗಿಕೊಂಡಳು. ಆಮೇಲೆ ಎಣಿಸದೆಯೇ ಸುತ್ತಿದಳು.

ಬುಧವಾರ ಸಂಜೆಯ ಹೊತ್ತಿಗೆ ಒಂದು ಹಲಗೆಯ ಮೇಲೆ ಬೆಲ್ಲು ಸಿದ್ಧವಾಯಿತು. ಬ್ಲೇಡಿನ ತುಂಡೇ ಸ್ಪ್ರಿಂಗು. ಅದಕ್ಕೆ ಬಿಗಿದ ಬಾಗಿಲ ಕೀಲಿನ ತಗಡೇ ಪಟ್ಟಿ. ಅದರ ತುದಿಯಲ್ಲಿ ಒಂದು ನಟ್ಟು, ಅದೇ ಸುತ್ತಿಗೆ. ಹಳೇ ಬೈಕಿನ ಬ್ಯಾಟರಿಗೆ ತಂತಿ ಸೇರಿಸಿ, ಗುಂಡಿಯನ್ನು ಚೆಲುವಮ್ಮನ ಕೈಗೆ ಕೊಟ್ಟಳು.

"ಒತ್ತು."

ಚೆಲುವಮ್ಮ ಸೆರಗಿಗೆ ಕೈ ಒರೆಸಿಕೊಂಡು ಒತ್ತಿದಳು.

ಟಣ್.

ಅಷ್ಟೇ. ಸುತ್ತಿಗೆ ಒಂದೇ ಸಲ ಬಟ್ಟಲಿಗೆ ಹೊಡೆದು ಅಲ್ಲೇ ನಿಂತಿತು.

ಚೆಲುವಮ್ಮ ಇನ್ನೂ ಗಟ್ಟಿಯಾಗಿ ಒತ್ತಿದಳು. ಏನೂ ಇಲ್ಲ.

"ಒಂದ್ ಸಲ ಕೂಗಿ ಸುಮ್ನಾಗೋಕೆ ನಾನೇ ಇಲ್ವಾ ಟೀಚರಮ್ಮ? ನಾನಾದ್ರೂ ಎರಡು ಸಲ ಕೂಗ್ತೀನಿ."

* * *

ಗುರುವಾರವಿಡೀ ಅವಳು ಅದರ ಜೊತೆ ಗುದ್ದಾಡಿದಳು.

ತಿರುಪು ಸಡಿಲಿಸಿದಳು. ಟಣ್. ಬಿಗಿಮಾಡಿದಳು. ಟಣ್. ಸ್ಪ್ರಿಂಗಿನ ತುಂಡು ಬದಲಿಸಿದಳು. ತಂತಿಯ ತುದಿಗಳನ್ನು ಕೆರೆದು ಹೊಳೆಯಿಸಿದಳು. ಪ್ರತಿ ಸಲವೂ ಒಂದೇ ಏಟು. ಪ್ರತಿ ಸಲವೂ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿ ಹಿಂದಕ್ಕೆ ತರಬೇಕು.

ಪುಸ್ತಕದಲ್ಲಿ ಇರುವುದೆಲ್ಲ ಇಲ್ಲಿದೆ. ಒಂದೂ ಕಡಿಮೆ ಇಲ್ಲ. ಮತ್ತೆ ಯಾಕೆ?

ಹನ್ನೊಂದು ವರ್ಷ ಇದನ್ನೇ ಬೋರ್ಡಿನ ಮೇಲೆ ಬರೆದಿದ್ದಳು. ಬಾಣದ ಗುರುತು ಹಾಕಿ, ಭಾಗಗಳಿಗೆ ಹೆಸರು ಬರೆದು, ಅಂದವಾಗಿ. ಬೋರ್ಡಿನ ಮೇಲೆ ಅದು ಯಾವತ್ತೂ ಕೈಕೊಟ್ಟಿರಲಿಲ್ಲ.

ಸಂಜೆ ಮೇಷ್ಟ್ರು ಬಂದು ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಒತ್ತು."

ಟಣ್.

"ಕೈ ಬಿಡು."

ಅವಳು ಗುಂಡಿಯಿಂದ ಕೈ ತೆಗೆದಳು.

"ತಂತಿ ಬಿಚ್ಚು."

ಬ್ಯಾಟರಿಯ ತಂತಿ ಬಿಚ್ಚಿದಳು. ಪಟ್ಟಿ ಬೋಲ್ಟಿಗೆ ಅಂಟಿಕೊಂಡೇ ಇತ್ತು.

"ಈಗ ಕರೆಂಟು ಇದ್ಯಾ?"

"ಇಲ್ಲ ಮೇಷ್ಟ್ರೇ."

"ಮತ್ತೆ ಯಾರು ಹಿಡ್ಕೊಂಡಿರೋದು?"

ದಾಕ್ಷಾಯಿಣಿ ಅಂಟಿದ ಪಟ್ಟಿಯನ್ನೇ ನೋಡಿದಳು. ಮೂರು ದಿನದಿಂದ ಈ ಮನುಷ್ಯ ಯಾಕೆ ತನ್ನ ಕೈಯಲ್ಲಿ ಈ ಆಟ ಆಡಿಸುತ್ತಿದ್ದಾರೆ ಎಂಬುದು ತಟ್ಟನೆ ಹೊಳೆದಂತಾಯಿತು. ಅವಳು ಕೈ ಮುಗಿದಳು.

"ನಾನೇ ಹಿಡ್ಕೊಂಡಿದ್ದೀನಿ ಮೇಷ್ಟ್ರೇ. ನನ್ನ ತಪ್ಪನ್ನ. ನಾನೇ ಬಿಡ್ತಿಲ್ಲ."

ಮೇಷ್ಟ್ರು ಹುಬ್ಬು ಗಂಟಿಕ್ಕಿ ಅವಳನ್ನೇ ನೋಡಿದರು.

"ನಿನ್ನ ವಿಷಯ ಯಾರು ಕೇಳಿದರಮ್ಮ? ಬೆಲ್ಲಿನ ವಿಷಯ ಕೇಳ್ತಿದ್ದೀನಿ."

ಒಳಗಿನಿಂದ ಚೆಲುವಮ್ಮನ ನಗು ಕೇಳಿಸಿತು.

ದಾಕ್ಷಾಯಿಣಿಯ ಮುಖ ಕೆಂಪಾಯಿತು. ಮೊದಲು ಅವಮಾನ, ಆಮೇಲೆ ಸಿಟ್ಟು. ಇವರ ಮಾತಿಗೆ ಅರ್ಥವಿದೆ ಅಂದುಕೊಂಡರೆ ಇಲ್ಲ. ಇಲ್ಲ ಅಂದುಕೊಂಡರೆ ಇರುವಂತೆ ಕಾಣುತ್ತದೆ. ತಾನು ಕೇಳಲು ಬಂದದ್ದೇನು, ಇಲ್ಲಿ ಮಾಡುತ್ತಿರುವುದೇನು? ಸೋಮವಾರಕ್ಕೆ ಇನ್ನು ನಾಲ್ಕೇ ದಿನ. ಬೆಳಿಗ್ಗೆ ಎದ್ದು ಲಕೋಟೆ ಕೇಳಿ ಇಸಿದುಕೊಂಡು ಹೊರಟುಬಿಡಬೇಕು ಎಂದುಕೊಂಡು ಮಲಗಿದಳು.

* * *

ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಜಗಲಿಗೆ ಬಂದಳು. ಹಲಗೆ ಅಲ್ಲೇ ಇತ್ತು. ಪಟ್ಟಿ ಇನ್ನೂ ಅಂಟಿಕೊಂಡೇ ಇತ್ತು. ಬ್ಯಾಟರಿ ಮೂಲೆಯಲ್ಲಿತ್ತು. ನಡುವೆ ತಂತಿಯೇ ಇರಲಿಲ್ಲ.

ಯಾರು ಹಿಡ್ಕೊಂಡಿರೋದು?

ಇದು ತನ್ನ ಮೇಲಿನ ಮಾತಲ್ಲವಾದರೆ, ಬೆಲ್ಲಿನ ಮೇಲಿನ ಮಾತೇ ಆದರೆ, ಇದಕ್ಕೊಂದು ಉತ್ತರವಿರಲೇಬೇಕು.

ಚೀಲ ಕೆಳಗಿಟ್ಟಳು.

ಪಟ್ಟಿಯನ್ನು ಕಿತ್ತು ತೆಗೆದಳು. ತಂತಿ ಸುತ್ತಿದ ಸುರುಳಿಯನ್ನೇ ಬೋಲ್ಟಿನಿಂದ ಜಾರಿಸಿ ಪಕ್ಕಕ್ಕಿಟ್ಟಳು. ಈಗ ಕೈಯಲ್ಲಿ ಇದ್ದದ್ದು ಬರೀ ಬೋಲ್ಟು. ಸೆರಗಿನ ಪಿನ್ನು ಬಿಚ್ಚಿ ಅದರ ತುದಿಗೆ ಹಿಡಿದಳು.

ಪಿನ್ನು ಟಕ್ಕೆಂದು ಹಾರಿ ಅಂಟಿಕೊಂಡಿತು.

ಅವಳು ಬೋಲ್ಟು ಅಲುಗಾಡಿಸಿದಳು. ಪಿನ್ನು ಬೀಳಲಿಲ್ಲ.

ಹಾಗೇ ಅದನ್ನು ಹಿಡಿದುಕೊಂಡು ಗುಡಿಸಲಿಗೆ ಹೋದಳು. ಮೇಷ್ಟ್ರು ಒಂದು ಮಿಕ್ಸಿಯ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರು.

"ಬೋಲ್ಟು ಹಿಡ್ಕೊಂಡಿರೋದು ಮೇಷ್ಟ್ರೇ. ಕರೆಂಟು ಹೋದ್ರೂ ಇದು ಕಾಂತವಾಗೇ ಉಳೀತಿದೆ. ಮೊದಲನೇ ಸಲ ಕರೆಂಟು ಬಂದದ್ದನ್ನ ಇನ್ನೂ ಬಿಟ್ಟಿಲ್ಲ. ಇದು ಬಿಡದೆ ಪಟ್ಟಿ ಹಿಂದಕ್ಕೆ ಹೋಗಲ್ಲ. ಪಟ್ಟಿ ಹೋಗದೆ ತಿರುಪು ಮುಟ್ಟಲ್ಲ. ಎರಡನೇ ಏಟು ಬೀಳೋದೇ ಇಲ್ಲ."

"ಹೂಂ."

"ಗೇಟಿನ ಬೋಲ್ಟು ಹಾಕ್ಲಾ? ಅದು ಬರೀ ಕಬ್ಬಿಣ. ಇದು ಉಕ್ಕು."

"ಹಾಕಬಹುದು. ಬೇಗ ಆಗುತ್ತೆ." ಮೇಷ್ಟ್ರು ಎದ್ದರು. "ಆದ್ರೆ ನೀನು ಆರಿಸಿಕೊಂಡಿದ್ದು ಇದನ್ನ. ಬಾ."

ಅವರು ನೇರ ಅಡುಗೆಮನೆಗೆ ಹೋಗಿ, ಚೆಲುವಮ್ಮ ಸಾರಿನ ಪಾತ್ರೆ ಇಳಿಸುತ್ತಿದ್ದಂತೆಯೇ ಬೋಲ್ಟನ್ನು ಒಲೆಯ ಕೆಂಡದೊಳಗೆ ತುರುಕಿದರು.

"ಅಯ್ಯೋ ಬುದ್ಧಿ! ಗೆಣಸು ಸುಟ್ಟಿದ್ದೀನಿ, ಬದನೆಕಾಯಿ ಸುಟ್ಟಿದ್ದೀನಿ. ಇದನ್ಯಾರು ತಿಂತಾರೆ?"

"ಟೀಚರಮ್ಮ ತಿಂತಾಳೆ. ಊದು."

ಚೆಲುವಮ್ಮ ಗೊಣಗುತ್ತಾ ಊದುಕೊಳವೆ ತಗೊಂಡಳು. ಹುಣಸೆ ಸೌದೆಯ ಕೆಂಡ ಭುಗಿಲೆಂದಿತು. ಚೆಲುವಮ್ಮ ದಣಿದಾಗ ದಾಕ್ಷಾಯಿಣಿ ಊದಿದಳು. ಕಣ್ಣಲ್ಲಿ ಹೊಗೆ ತುಂಬಿತು. ಬಹಳ ಹೊತ್ತಾದ ಮೇಲೆ ಬೋಲ್ಟು ದಾಸವಾಳದ ಹಾಗೆ ಕೆಂಪಾಯಿತು.

ದಾಕ್ಷಾಯಿಣಿ ಇಕ್ಕಳದಿಂದ ಅದನ್ನು ಎತ್ತಿ ನೀರಿನ ಬಕೆಟ್ಟಿನ ಕಡೆ ತಿರುಗಿದಳು. ಮೇಷ್ಟ್ರು ಅವಳ ಮಣಿಕಟ್ಟು ಹಿಡಿದರು.

"ನೀರಿಗೆ ಹಾಕಿದ್ರೆ ಮೊದಲಿಗಿಂತ ಗಟ್ಟಿ ಆಗುತ್ತೆ."

"ಮತ್ತೆ?"

"ಬೂದೀಲಿ ಹೂತಿಡು. ನಿಧಾನ ಆರಿದ್ರೆ ಮೆತ್ತಗಾಗುತ್ತೆ."

"ಎಷ್ಟು ಹೊತ್ತು?"

"ತಣ್ಣಗಾಗೋವರೆಗೂ."

"ತಣ್ಣಗಾಗೋಕೆ ಎಷ್ಟು ಹೊತ್ತು ಮೇಷ್ಟ್ರೇ? ನಾಳೆ ಶನಿವಾರ. ಭಾನುವಾರ ಅಂಚೆ ತೆಗೆಯೋಲ್ಲ."

"ಅದನ್ನ ಬೋಲ್ಟಿಗೆ ಹೇಳು," ಎಂದು ಮೇಷ್ಟ್ರು ಮಿಕ್ಸಿಗೆ ವಾಪಸು ಹೋದರು.

ಮಧ್ಯಾಹ್ನ ಅವಳು ಬೂದಿಯ ಮೇಲೆ ಅಂಗೈ ಹಿಡಿದು ನೋಡಿದಳು. ಬಿಸಿ ಇತ್ತು. ಸಂಜೆ ನೋಡಿದಳು. ಇನ್ನೂ ಬೆಚ್ಚಗಿತ್ತು. ಚೆಲುವಮ್ಮ ಕೈಗೆ ಒಂದು ಏಟು ಕೊಟ್ಟಳು.

"ಕೋಳಿ ಕಾವು ಕೂತಾಗ ಎತ್ತಿ ಎತ್ತಿ ನೋಡ್ತಾರಾ? ಹೋಗಿ ಮಲಕ್ಕೊ."

* * *

ಶನಿವಾರ ಬೆಳಿಗ್ಗೆ ಬೂದಿಯೊಳಗಿಂದ ತೆಗೆದ ಬೋಲ್ಟು ಗುರುತೇ ಸಿಗುವಂತಿರಲಿಲ್ಲ. ಮಿನುಗು ಹೋಗಿ, ಮೇಲೆಲ್ಲ ಕಪ್ಪು ಹೊಪ್ಪಳೆ ಎದ್ದಿತ್ತು. ಗೇಟಿನ ಬೋಲ್ಟಿಗೆ ತಮ್ಮನ ಹಾಗಿತ್ತು.

ಪಿನ್ನು ಹಿಡಿದಳು. ಪಿನ್ನು ಕೆಳಗೆ ಬಿತ್ತು.

ಹೊಪ್ಪಳೆ ಉಜ್ಜಿ ತೆಗೆದು, ಸುರುಳಿಯನ್ನು ಮತ್ತೆ ಏರಿಸಿದಳು. ಪಟ್ಟಿ ಬಿಗಿದಳು. ತಿರುಪನ್ನು ಪಟ್ಟಿಗೆ ಸೋಕುವಷ್ಟೇ ಇಳಿಸಿದಳು. ಮೇಷ್ಟ್ರು ಹೊಳೆಗೆ ಸ್ನಾನಕ್ಕೆ ಹೋಗಿದ್ದರು. ಗುಂಡಿಯನ್ನು ಚೆಲುವಮ್ಮನ ಕೈಗೇ ಕೊಟ್ಟಳು.

"ಮತ್ತೆ ಒಂದೇ ಸಲ ಅಂದ್ರೆ ಈ ಹಲಗೇನ ಒಲೆಗೆ ಹಾಕ್ತೀನಿ, ನೋಡು," ಎಂದು ಚೆಲುವಮ್ಮ ಒತ್ತಿದಳು.

ಟ್ರ್‌ರ್‌ರ್‌ರ್‌ರ್‌ರ್‌ರ್‌ರ್.

ಚೆಲುವಮ್ಮ ಬೆಚ್ಚಿ ಕೈ ಬಿಟ್ಟಳು. ಬೆಲ್ಲು ನಿಂತಿತು. ಒತ್ತಿದಳು. ಹೊಡೆಯಿತು. ಬಿಟ್ಟಳು. ನಿಂತಿತು. ಸುತ್ತಿಗೆ ಕಣ್ಣಿಗೆ ಕಾಣದಷ್ಟು ಬೇಗ ಹೋಗಿ ಬರುತ್ತಿತ್ತು. ತಿರುಪಿನ ತುದಿಯಲ್ಲಿ ಸಣ್ಣ ನೀಲಿ ಕಿಡಿ ಹುಟ್ಟಿ ಸಾಯುತ್ತಿತ್ತು, ಹುಟ್ಟಿ ಸಾಯುತ್ತಿತ್ತು.

"ಅಯ್ ಶಿವನೇ! ಇದ್ ನೋಡು, ಇದ್ ನೋಡು!" ಚೆಲುವಮ್ಮ ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಒತ್ತುತ್ತಲೇ ಬಗ್ಗಿ ಬೆಲ್ಲಿನ ಒಳಗೆ ಇಣುಕಿದಳು. "ಅದೇ ಬೋಲ್ಟು ತಾನೆ ಇದು? ಅದೇ ತಂತಿ. ಅಲ್ಲ ಟೀಚರಮ್ಮ, ಮೆತ್ತಗೆ ಮಾಡಿದ್ದಕ್ಕೆ ಹೊಡೀತಾ? ಅದ್ಯಾಕೆ ಮೆತ್ತಗೇ ಇರ್ಬೇಕು? ಗಟ್ಟಿ ಇದ್ರೆ ಯಾಕಾಗಲ್ಲ?"

ದಾಕ್ಷಾಯಿಣಿ ತಲೆ ಎತ್ತಿದಳು.

ಬೆಲ್ಲು ಹೊಡೆಯುತ್ತಿತ್ತು. ಅದರೊಳಗಿಂದಲೇ ಎಂಬಂತೆ ಇನ್ನೊಂದು ದನಿ ಕೇಳಿಸಿತು. ಮೂರನೆಯ ಬೆಂಚಿನಿಂದ. ಸ್ವಲ್ಪ ಹೆದರಿದ, ಆದರೂ ಎದ್ದು ನಿಂತ ದನಿ.

ಅವಳು ಎದ್ದು ಹೊಳೆಯ ಕಡೆ ಓಡಿದಳು.

"ಇನ್ನೊಂದ್ಸಲ ಒತ್ಲಾ ಟೀಚರಮ್ಮ?" ಎಂದು ಹಿಂದಿನಿಂದ ಚೆಲುವಮ್ಮ ಕೂಗಿದಳು. ಉತ್ತರಕ್ಕೆ ಕಾಯದೆ ಒತ್ತಿದಳು.

* * *

ಮೇಷ್ಟ್ರು ಕೊನೆಯ ಮೆಟ್ಟಿಲ ಮೇಲೆ, ಜುಬ್ಬ ತೊಟ್ಟು, ಕಾಲು ಒರೆಸಿಕೊಳ್ಳುತ್ತಿದ್ದರು. ಬೆಲ್ಲಿನ ಸದ್ದು ಅಲ್ಲಿಗೂ ಬರುತ್ತಿತ್ತು. ಅವಳನ್ನು ನೋಡಿ ಜೇಬಿನಿಂದ ಲಕೋಟೆ ತೆಗೆದು ಚಾಚಿದರು.

"ಹೊಡೀತಲ್ಲ. ಮಾತು ಅಂದ್ರೆ ಮಾತು. ತಗೋ. ಹನ್ನೊಂದಕ್ಕೆ ಬಸ್ಸಿದೆ."

ದಾಕ್ಷಾಯಿಣಿ ಕೈ ಚಾಚಲಿಲ್ಲ. ಏದುಸಿರು ಬಿಡುತ್ತಾ ಎರಡು ಮೆಟ್ಟಿಲು ಮೇಲೇ ನಿಂತಳು.

"ನೆನಪಾಯ್ತು ಮೇಷ್ಟ್ರೇ. ಅವಳು ಕೇಳಿದ್ದು."

ಮೇಷ್ಟ್ರು ಕಾಲು ಒರೆಸುವುದನ್ನು ನಿಲ್ಲಿಸಿದರು.

"ನಾನು ಬರೆಸ್ತಿದ್ದೆ. ಮೆದು ಕಬ್ಬಿಣದ ತಿರುಳು ಅಂತ. ಅವಳು ಎದ್ದು ಕೇಳಿದ್ಲು. ಮಿಸ್, ಮೆದು ಕಬ್ಬಿಣಾನೇ ಯಾಕೆ? ಗಟ್ಟಿ ಇದ್ರೆ ಆಗಲ್ವಾ? ಅಷ್ಟೇ ಕೇಳಿದ್ದು. ಹನ್ನೊಂದು ವರ್ಷ ಆ ಮಾತು ಬರೆಸಿದ್ದೀನಿ. ಒಂದು ದಿನವೂ ನನಗೇ ಆ ಪ್ರಶ್ನೆ ಬರಲಿಲ್ಲ. ಟ್ರಂಕಿನಲ್ಲಿ ಎರಡು ಬೋಲ್ಟು ಇದ್ರೆ ಗಟ್ಟಿದೇ ಒಳ್ಳೇದು ಅಂತ ಆರಿಸ್ಕೊಂಡೆ."

"ಹೂಂ."

"ನೀವು ನನಗೆ ಪಾಠ ಮಾಡುವಾಗ್ಲೂ ಮೆದು ಕಬ್ಬಿಣ ಅಂತಲೇ ಬರೆಸಿದ್ರಿ. ನಾನು ಬರ್ಕೊಂಡೆ. ಕೇಳಲಿಲ್ಲ."

"ಬರೆಸಿ, ಯಾರಾದ್ರೂ ಕೇಳ್ತಾರಾ ಅಂತ ಪ್ರತಿ ವರ್ಷ ಸ್ವಲ್ಪ ಹೊತ್ತು ಸುಮ್ಮನೆ ನಿಂತ್ಕೋತಿದ್ದೆ," ಎಂದರು ಮೇಷ್ಟ್ರು. "ಮೂವತ್ತು ವರ್ಷ. ಒಬ್ಬರೂ ಕೇಳಲಿಲ್ಲ."

ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು. ಮೇಲೆ ಜಗಲಿಯಲ್ಲಿ ಬೆಲ್ಲು ಹೊಡೆಯಿತು, ನಿಂತಿತು, ಮತ್ತೆ ಹೊಡೆಯಿತು.

ದಾಕ್ಷಾಯಿಣಿಗೆ ಇನ್ನೂ ಎಲ್ಲವೂ ತಿಳಿಯಾಗಿರಲಿಲ್ಲ. ಹುಡುಗಿ ಶಾಲೆ ಬಿಟ್ಟದ್ದು ತನ್ನಿಂದಲೋ ಅಲ್ಲವೋ ಎಂಬುದು ಹಾಗೇ ಉಳಿದಿತ್ತು. ಸೋಮವಾರ ಏನು ಮಾಡಬೇಕು ಎಂಬುದೂ ಹಾಗೇ ಉಳಿದಿತ್ತು. ಆದರೆ ಇದೊಂದು ಗೊತ್ತಾಗಿತ್ತು. ಹೇಳದೆ ಇರಲು ಆಗಲಿಲ್ಲ.

"ಉತ್ತರ ಸಿಕ್ತು ಮೇಷ್ಟ್ರೇ. ಮೆದು ಕಬ್ಬಿಣ ಕರೆಂಟು ಬಂದಾಗ ಹಿಡಿಯುತ್ತೆ, ಹೋದಾಗ ಬಿಡುತ್ತೆ. ಗಟ್ಟಿ ಉಕ್ಕು ಹಿಡಿದದ್ದನ್ನ ಬಿಡಲ್ಲ. ಬಿಡದೆ ಇದ್ರೆ ಎರಡನೇ ಏಟು ಇಲ್ಲ. ಅದಕ್ಕೇ…"

ಮೇಷ್ಟ್ರು ಕೈ ಎತ್ತಿ ಅವಳನ್ನು ತಡೆದರು.

"ನನಗ್ಯಾಕಮ್ಮ ಹೇಳ್ತಿದ್ದೀಯ? ಕೇಳಿದವಳು ನಾನಲ್ಲವಲ್ಲ."